ಡಚ್ ಓವನ್: ಬೀಡಿನ ಪಾತ್ರೆ ಪಳಗಿಸುವುದು, ಬಳಸುವುದು, ಬಾಳಿಸುವುದು

ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ಗೆ ಬಂದಿಳಿಯುವ ನಮ್ಮವರ ಸೂಟ್‌ಕೇಸಿನಲ್ಲಿ ಪುಟ್ಟ ಪ್ರೆಶರ್ ಕುಕ್ಕರ್ ಇರುತ್ತೆ, ನಾನ್‌ಸ್ಟಿಕ್ ತವಾ ಇರುತ್ತೆ, ಸಾರಿನ ಪುಡಿ, ಚಟ್ನಿಪುಡಿಯಂತೂ ಇದ್ದೇ ಇರುತ್ತೆ. ಬೀಡಿನ ಪಾತ್ರೆ ಮಾತ್ರ ಇರಲ್ಲ. 23 ಕೆಜಿ ಲಗೇಜಿನಲ್ಲಿ 6 ಕೆಜಿಯನ್ನು ಒಂದೇ ಪಾತ್ರೆಗೆ ಕೊಡಲು ಯಾರಿಗೆ ಮನಸ್ಸು ಬರುತ್ತೆ? ಒಂದು ವರ್ಷ ಕಳೆಯುವಷ್ಟರಲ್ಲಿ ತವಾದ ಪದರ ಕಿತ್ತುಬಂದಿರುತ್ತೆ, ತೆಳು ತಳದ ಪಾತ್ರೆಯಲ್ಲಿ ಬೇಳೆ ಸೀದುಹೋಗಿರುತ್ತೆ. ಆಗ ಯಾರಾದರೂ ಸೀನಿಯರ್ ಹೇಳ್ತಾರೆ: "ಒಂದು ಡಚ್ ಓವನ್ ತಗೊಳ್ಳಿ, ಜೀವಮಾನಪೂರ್ತಿ ಬರುತ್ತೆ."

ಆ ಮಾತು ನಿಜವೇ. ಆದರೆ ಒಂದು ಷರತ್ತಿದೆ: ಕೈಯಲ್ಲಿರುವ ಪಾತ್ರೆ ಬರಿ ಬೀಡಿನದೋ, ಎನಾಮೆಲ್ ಬಳಿದದ್ದೋ ಅನ್ನೋದು ಮೊದಲು ಗೊತ್ತಿರಬೇಕು. ಎರಡನ್ನೂ ನೋಡಿಕೊಳ್ಳುವ ರೀತಿ ಬೇರೆ ಬೇರೆ. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದನ್ನು ಕೆಡಿಸುತ್ತೆ. ಹುಳಿ ಇಲ್ಲದೆ ಊಟ ಇಲ್ಲ ಅನ್ನುವ ನಮ್ಮಂಥವರಿಗೆ ಈ ವ್ಯತ್ಯಾಸ ಇಂಗ್ಲಿಷರಿಗಿಂತ ಹೆಚ್ಚು ಮುಖ್ಯ. ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಹುಣಸೆಹಣ್ಣಿನ ಮಾತೇ ಬರುವುದಿಲ್ಲ. ಹಾಗಾಗಿ ನಮ್ಮ ಅಡುಗೆಗೆ ತಕ್ಕ ಹಾಗೆ ಇದನ್ನು ಒಂದು ಕಡೆ ಬರೆದಿಡೋಣ ಅಂತ ಕೂತಿದ್ದೇವೆ.

ಹೆಸರಿನ ಗೊಂದಲ

ದಪ್ಪ ಗೋಡೆ, ದಪ್ಪ ತಳ, ಎರಡು ಕಿವಿ, ಭಾರದ ಮುಚ್ಚಳ ಇರುವ ಎರಕದ ಕಬ್ಬಿಣದ ಪಾತ್ರೆಯೇ ಡಚ್ ಓವನ್. ಈ ಹೆಸರು ಹೆಚ್ಚಾಗಿ ಓಡಾಡುವುದು ಅಮೆರಿಕದಲ್ಲಿ. ಇಲ್ಲಿನ ಅಂಗಡಿಗೆ ಹೋಗಿ ಅದೇ ಹೆಸರು ಹುಡುಕಿದರೆ ಸಿಗದೆ ಹೋಗಬಹುದು. ಬ್ರಿಟನ್ನಿನಲ್ಲಿ ಇದನ್ನು ಮಾರುವುದು ಕ್ಯಾಸ್ಟ್ ಐರನ್ ಕ್ಯಾಸರೋಲ್ ಅಂತ. ನಮಗೆ ಕ್ಯಾಸರೋಲ್ ಅಂದ್ರೆ ಚಪಾತಿ ಬಿಸಿಯಾಗಿಡುವ ಪ್ಲಾಸ್ಟಿಕ್ ಹಾಟ್‌ಬಾಕ್ಸ್! ಆ ಚಿತ್ರವನ್ನು ಸ್ವಲ್ಪ ಪಕ್ಕಕ್ಕಿಡಿ.

ಕನ್ನಡದಲ್ಲಿ ಎರಕದ ಕಬ್ಬಿಣಕ್ಕೆ ಬೀಡು ಅನ್ನುವ ಚೊಕ್ಕ ಪದ ಇದೆ. ಮಂಗಳೂರು, ಉಡುಪಿ ಕಡೆಯವರಿಗೆ ಬೀಡಿನ ಕಾವಲಿ ಗೊತ್ತೇ ಇರುತ್ತೆ. ನೀರುದೋಸೆ ಅದರ ಮೇಲೆ ಏಳುವಷ್ಟು ಚೆಂದಾಗಿ ಬೇರೆಲ್ಲೂ ಏಳುವುದಿಲ್ಲ ಅಂತ ವಾದ ಮಾಡುವವರೂ ಇದ್ದಾರೆ. ಉತ್ತರ ಕರ್ನಾಟಕದ ರೊಟ್ಟಿ ಹಂಚಾಗಲಿ, ಮನೆಯ ಕಬ್ಬಿಣದ ಬಾಣಲೆಯಾಗಲಿ ಹೆಚ್ಚಾಗಿ ಬಡಿದು ಮಾಡಿದ ತೆಳು ಕಬ್ಬಿಣ. ಬೀಡು ಹಾಗಲ್ಲ. ಕರಗಿಸಿ ಅಚ್ಚಿಗೆ ಹೊಯ್ದದ್ದು, ದಪ್ಪ, ಭಾರ. ಅಂದ್ರೆ ಡಚ್ ಓವನ್ ನಮಗೆ ತೀರಾ ಹೊಸದೇನಲ್ಲ. ಬೀಡಿನ ಕಾವಲಿಗೆ ಗೋಡೆ ಎಬ್ಬಿಸಿ ಮುಚ್ಚಳ ಹಾಕಿದರೆ ಅದೇ.

ಹುಟ್ಟಿದ್ದು ನಮ್ಮ ಪಕ್ಕದಲ್ಲೇ

ಈ ಪಾತ್ರೆಯ ಚರಿತ್ರೆ ನಾವು ಓದುತ್ತಿರುವ ಊರುಗಳ ಸುತ್ತಮುತ್ತಲೇ ಇದೆ. ಏಬ್ರಹಾಂ ಡಾರ್ಬಿ ಹುಟ್ಟಿದ್ದು 1678ರಲ್ಲಿ, ಡಡ್ಲಿ ಹತ್ತಿರ. ಬರ್ಮಿಂಗ್‌ಹ್ಯಾಮಿನಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಊರು. ಹುಡುಗನಾಗಿ ಬರ್ಮಿಂಗ್‌ಹ್ಯಾಮಿನಲ್ಲೇ ಕೆಲಸ ಕಲಿತು, ಆಮೇಲೆ ಬ್ರಿಸ್ಟಲ್‌ಗೆ ಹೋಗಿ ಹಿತ್ತಾಳೆ ಕೆಲಸಕ್ಕೆ ಇಳಿದ. ಆಗ ಒಳ್ಳೆಯ ಪಾತ್ರೆ ಅಂದ್ರೆ ಹಿತ್ತಾಳೆಯದು, ಹಿತ್ತಾಳೆ ಅಂದ್ರೆ ದುಬಾರಿ. ಹಾಲೆಂಡಿನ ಕಡೆಯವರು ಮರಳಿನ ಅಚ್ಚಿನಲ್ಲಿ ಹಿತ್ತಾಳೆ ಎರಕ ಹೊಯ್ಯುವುದರಲ್ಲಿ ಪಳಗಿದವರಾಗಿದ್ದರು. ಅದೇ ಮರಳಿನಲ್ಲಿ ಅಗ್ಗದ ಕಬ್ಬಿಣ ಹೊಯ್ದರೆ ಹೇಗೆ ಅನ್ನುವುದು ಡಾರ್ಬಿಯ ಲೆಕ್ಕ. ಜಾನ್ ಥಾಮಸ್ ಅನ್ನುವ ವೇಲ್ಸ್‌ನ ಹುಡುಗನ ಜೊತೆ ಸೇರಿ ಅದನ್ನು ಸಾಧಿಸಿ, 1707ರಲ್ಲಿ ಮರಳಿನಲ್ಲಿ ಹೊಟ್ಟೆ ಪಾತ್ರೆ ಎರಕ ಹೊಯ್ಯುವುದಕ್ಕೆ ಪೇಟೆಂಟ್ ಪಡೆದ. ಡಚ್ ಅನ್ನುವ ಹೆಸರು ಬಂದದ್ದು ಈ ಕಾರಣಕ್ಕೇ ಅನ್ನುವುದು ಹೆಚ್ಚಿನವರು ಕೊಡುವ ವಿವರಣೆ.

ಪೇಟೆಂಟ್ ಬಂತು, ಇನ್ನು ಕಬ್ಬಿಣ ಬೇಕಲ್ಲ? ಡಾರ್ಬಿ ಶ್ರಾಪ್‌ಷೈರ್‌ನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಹಳೆಯ ಕುಲುಮೆಯೊಂದನ್ನು ಗುತ್ತಿಗೆ ಹಿಡಿದ. 1709ರಲ್ಲಿ ಅಲ್ಲಿ ಮರದ ಇದ್ದಲಿನ ಬದಲು ಕೋಕ್ ಹಾಕಿ ಕಬ್ಬಿಣ ಕರಗಿಸಿದ. ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಸಂಗತಿ ಇದು. ಅದರ ಹಿಂದೆ ಇದ್ದದ್ದು ಅಡುಗೆ ಪಾತ್ರೆಯ ವ್ಯಾಪಾರ ಅನ್ನುವುದನ್ನು ಮಾತ್ರ ಯಾವ ಮೇಷ್ಟ್ರೂ ಹೇಳಲಿಲ್ಲ. ಕೋಕ್‌ನಿಂದ ಬಂದ ಬೀಡು ಚೆನ್ನಾಗಿ ಹರಿಯುತ್ತಿದ್ದರಿಂದ ತೆಳುವಾದ, ಹಗುರಾದ ಪಾತ್ರೆ ಹೊಯ್ಯಲು ಅನುಕೂಲವಾಯಿತು. ಡಾರ್ಬಿಯ ಮೊಮ್ಮಗ, ಮೂರನೇ ಏಬ್ರಹಾಂ ಡಾರ್ಬಿ, 1779ರಲ್ಲಿ ಅದೇ ಕಣಿವೆಯಲ್ಲಿ ಸೆವರ್ನ್ ನದಿಗೆ ಕಟ್ಟಿದ ಬೀಡಿನ ಸೇತುವೆ ಇಂದಿಗೂ ನಿಂತಿದೆ. 1986ರಲ್ಲಿ ಆ ಕಣಿವೆ ವಿಶ್ವ ಪರಂಪರೆಯ ತಾಣವಾಯಿತು. ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್‌ನಿಂದ ಟೆಲ್ಫರ್ಡ್ ಸೆಂಟ್ರಲ್‌ಗೆ ಟ್ರೈನು, ಅಲ್ಲಿಂದ ಬಸ್ಸು. ಒಂದು ಶನಿವಾರ ಹೋಗಿಬನ್ನಿ, ಆ ಹಳೆಯ ಕುಲುಮೆಯನ್ನು ಈಗಲೂ ನೋಡಬಹುದು.

ವೆಸ್ಟ್ ಬ್ರಾಮಿಚ್‌ನಲ್ಲಿ 1791ರಲ್ಲಿ ಶುರುವಾದ ಆರ್ಚಿಬಾಲ್ಡ್ ಕೆನ್ರಿಕ್ ಕಂಪನಿಯೂ ಬೀಡಿನ ಪಾತ್ರೆಗಳಿಗೆ ಹೆಸರಾಗಿತ್ತು. ಪಾತ್ರೆಯ ಒಳಗೆ ತವರ ಬಳಿಯುತ್ತಿದ್ದರು, ನಮ್ಮಲ್ಲಿ ಹಿತ್ತಾಳೆಗೆ ಕಲಾಯಿ ಹಾಕಿಸುವ ಹಾಗೆ. ಆಮೇಲೆ ಆ ಜಾಗಕ್ಕೆ ಎನಾಮೆಲ್ ಬಂತು. ಕೆನ್ರಿಕ್ ಅಂತ ಅಚ್ಚಿರುವ ಪಾತ್ರೆಗಳು ಮಿಡ್‌ಲ್ಯಾಂಡ್ಸ್‌ನ ಹಳೇ ಸಾಮಾನಿನ ಸಂತೆಗಳಲ್ಲಿ ಕಣ್ಣಿಗೆ ಬೀಳುತ್ತವೆ. ನೋಡೋಕೆ ಚೆಂದ. ಆದರೆ ಅಷ್ಟು ಹಳೆಯ ತವರ, ಎನಾಮೆಲ್‌ಗಳಲ್ಲಿ ಸೀಸ ಇರುವ ಸಾಧ್ಯತೆ ಇರೋದ್ರಿಂದ ಗಿಡ ನೆಡಲು ಇಟ್ಟುಕೊಳ್ಳಿ, ಅಡುಗೆಗೆ ಬೇಡ.

ನಮ್ಮೂರಿಗೂ ಬೀಡಿಗೂ ನಂಟಿದೆ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ್ದು ಮಲೆನಾಡಿನ ಕಾಡಿನ ಮರದ ಇದ್ದಲಿನಿಂದ. ಡಾರ್ಬಿ ಇದ್ದಲು ಬಿಟ್ಟು ಇನ್ನೂರು ವರ್ಷ ಕಳೆದಮೇಲೆ! ಕಲ್ಲಿದ್ದಲು ಇಲ್ಲದ ಸೀಮೆಯಲ್ಲಿ ಇದ್ದುದರಲ್ಲೇ ದಾರಿ ಹುಡುಕಿದ್ದು ಅದು.

ಬೀಡು ಯಾಕೆ ಹೀಗೆ ನಡೆದುಕೊಳ್ಳುತ್ತೆ

ಬೀಡಿನ ಬಗ್ಗೆ ಎಲ್ಲರೂ ಹೇಳುವ ಒಂದು ತಪ್ಪು ಮಾತಿದೆ: "ಶಾಖ ಎಲ್ಲ ಕಡೆ ಸಮವಾಗಿ ಹರಡುತ್ತೆ." ಹರಡೋದಿಲ್ಲ. ಶಾಖ ಸಾಗಿಸುವುದರಲ್ಲಿ ಬೀಡು ಅಲ್ಯೂಮಿನಿಯಂಗಿಂತ ಸುಮಾರು ನಾಲ್ಕು ಪಟ್ಟು ಹಿಂದೆ. ಚಿಕ್ಕ ಉರಿಯ ಮೇಲೆ ದೊಡ್ಡ ಪಾತ್ರೆ ಇಟ್ಟರೆ ನಡುವೆ ಸೀದು ಅಂಚಿನಲ್ಲಿ ತಣ್ಣಗಿರುತ್ತೆ. ಬೀಡಿನ ನಿಜವಾದ ಗುಣ ಅಂದ್ರೆ ಹಿಡಿದಿಟ್ಟುಕೊಳ್ಳುವುದು. ಅಷ್ಟು ತೂಕದ ಲೋಹ ಒಮ್ಮೆ ಕಾದರೆ ಬೇಗ ತಣಿಯಲ್ಲ. ತಣ್ಣಗಿನ ತರಕಾರಿ ಸುರಿದರೂ ಬಿಸಿ ಇಳಿಯೋದಿಲ್ಲ. ಒಲೆ ಆರಿಸಿದ ಮೇಲೂ ಸಾಂಬಾರು ಸುಮಾರು ಹೊತ್ತು ಕುದಿಯುತ್ತಲೇ ಇರುತ್ತೆ.

ಇದರಿಂದ ಎರಡು ನಿಯಮ ಹುಟ್ಟುತ್ತವೆ. ಒಂದು, ಸಣ್ಣ ಉರಿಯಲ್ಲಿ ಐದರಿಂದ ಹತ್ತು ನಿಮಿಷ ನಿಧಾನಕ್ಕೆ ಕಾಯಿಸಿ. ಎರಡು, ದೊಡ್ಡ ಉರಿ ಬೇಕಾಗೋದೇ ಇಲ್ಲ, ಮಧ್ಯಮ ಉರಿ ಧಾರಾಳ ಸಾಕು. ಭಾರದ ಮುಚ್ಚಳ ಹಬೆಯನ್ನು ಒಳಗೇ ಹಿಡಿಯುತ್ತೆ. ಮುಚ್ಚಳದ ಮೇಲೆ ಕೆಂಡ ಸುರಿದು ಮೇಲೂ ಕೆಳಗೂ ಬೇಯಿಸುವುದು ಹಳೆಯ ಡಚ್ ಓವನ್ನಿನ ಕ್ರಮ. ದಮ್ ಬಿರಿಯಾನಿಗೆ ಮುಚ್ಚಳದ ಮೇಲೆ ಕೆಂಡ ಹಾಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಕೆಂಡದ ಕೆಲಸವನ್ನು ಕರೆಂಟ್ ಓವನ್ ಮಾಡುತ್ತೆ, ಅಷ್ಟೇ.

ಬೀಡಿನಲ್ಲಿ ಇಂಗಾಲ ಶೇಕಡಾ 2ರಿಂದ 4ರಷ್ಟು ಇರುತ್ತೆ. ಅದರಿಂದಲೇ ಸುಲಭವಾಗಿ ಕರಗಿ ಅಚ್ಚಿಗೆ ಹರಿಯುತ್ತೆ, ಅದರಿಂದಲೇ ಪೆಡಸು ಕೂಡ. ಸ್ಟೀಲ್ ಪಾತ್ರೆ ಬಿದ್ದರೆ ನೆಗ್ಗುತ್ತೆ, ಬೀಡು ಬಿದ್ದರೆ ಸೀಳುತ್ತೆ. ಕಾದ ಪಾತ್ರೆಗೆ ತಣ್ಣೀರು ಸುರಿದರೂ ಸೀಳಬಹುದು.

ಎರಡು ಜಾತಿ, ಒಂದು ಹುಳಿ

ಬರಿ ಬೀಡಿನ ಪಾತ್ರೆ ಒಳಗೂ ಹೊರಗೂ ಕಪ್ಪು. ಅದರ ಮೇಲಿರುವುದು ಬಣ್ಣ ಅಲ್ಲ, ಕಾದು ಗಟ್ಟಿಯಾದ ಎಣ್ಣೆಯ ಪದರ. ಎನಾಮೆಲ್ ಪಾತ್ರೆ ಹೊರಗೆ ಕೆಂಪೋ ನೀಲಿಯೋ, ಒಳಗೆ ಸಾಮಾನ್ಯವಾಗಿ ಕೆನೆ ಬಣ್ಣ. ಬೀಡಿನ ಮೇಲೆ ಗಾಜಿನ ಪುಡಿ ಹಾಕಿ ಕುಲುಮೆಯಲ್ಲಿ ಕರಗಿಸಿ ಅಂಟಿಸಿದ ಪದರ ಅದು. ಒಳಗೆ ಕಪ್ಪು ಎನಾಮೆಲ್ ಇರುವ ಪಾತ್ರೆಗಳೂ ಇವೆ. ಅವನ್ನು ನೋಡಿ ಬರಿ ಬೀಡು ಅಂದುಕೊಂಡು ಎಣ್ಣೆ ಹಚ್ಚಿ ಕಾಯಿಸಲು ಹೊರಡಬೇಡಿ. ಹೊರಗೆ ಬಣ್ಣ ಇದ್ದರೆ ಒಳಗಿರುವುದೂ ಬಹುತೇಕ ಎನಾಮೆಲ್ಲೇ.

ನಮ್ಮ ಅಡುಗೆಗೆ ಬಂದರೆ, ಹುಣಸೆಹಣ್ಣು, ಟೊಮೆಟೊ, ನಿಂಬೆ, ಮೊಸರು, ಕೊಡಗಿನ ಕಾಚಂಪುಳಿ ಎಲ್ಲವೂ ಹುಳಿ. ಹುಳಿ ಬರಿ ಬೀಡಿನ ಎಣ್ಣೆ ಪದರವನ್ನು ತಿಂದು ಕಬ್ಬಿಣವನ್ನು ಕರಗಿಸುತ್ತೆ. ಅರ್ಧ ಗಂಟೆ ಕುದಿಸಿದ ಸಾರು ಕಪ್ಪಾಗಿ, ಬಾಯಿಗೆ ನಾಣ್ಯ ಇಟ್ಟ ಹಾಗೆ ಒಗರಾಗುತ್ತೆ. ಬಾಳೆಕಾಯಿ, ಬದನೆಕಾಯಿಯಂಥ ಒಗರು ತರಕಾರಿಗಳೂ ಬರಿ ಕಬ್ಬಿಣದಲ್ಲಿ ಕಪ್ಪಾಗುತ್ತವೆ. ಅದರಲ್ಲಿ ವಿಷ ಇಲ್ಲ, ಆದರೆ ನೋಡಿದರೆ ತಿನ್ನಬೇಕು ಅನಿಸೋದಿಲ್ಲ.

ಹೀಗೆ ಹಂಚಿಕೊಳ್ಳಿ. ಸಾರು, ಸಾಂಬಾರು, ಬಿಸಿಬೇಳೆಬಾತ್, ಗೊಜ್ಜು, ಟೊಮೆಟೊ ಬಾತ್, ಮೊಸರಿನಲ್ಲಿ ನೆನೆಸಿದ ಕೋಳಿಯ ಬಿರಿಯಾನಿ, ಪಂದಿಕರಿ ಎಲ್ಲ ಎನಾಮೆಲ್‌ಗೆ. ಬಜ್ಜಿ, ವಡೆ, ಹುರಿಯುವುದು, ಹುಳಿ ಇಲ್ಲದ ಪಲ್ಯ, ಬ್ರೆಡ್ ಬರಿ ಬೀಡಿಗೆ. ಒಂದೇ ಕೊಳ್ಳಲು ಸಾಧ್ಯ ಅನ್ನುವವರಿಗೆ ನಮ್ಮ ಸಲಹೆ ಎನಾಮೆಲ್. ಕನ್ನಡದ ಅಡುಗೆಮನೆಯಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಹುಳಿ ಕುದಿಯುತ್ತಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಬರಿ ಕಬ್ಬಿಣದಿಂದ ಊಟಕ್ಕೆ ಕಬ್ಬಿಣಾಂಶ ಇಳಿಯುವುದು ನಿಜ. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಇಥಿಯೋಪಿಯಾದ ಅಧ್ಯಯನದಲ್ಲಿ, ಅಲ್ಯೂಮಿನಿಯಂ ಪಾತ್ರೆಯ ಊಟ ಮಾಡಿದ ಮಕ್ಕಳಿಗಿಂತ ಕಬ್ಬಿಣದ ಪಾತ್ರೆಯ ಊಟ ಮಾಡಿದ ಮಕ್ಕಳಲ್ಲಿ ರಕ್ತಹೀನತೆ ಕಡಿಮೆಯಾಗಿತ್ತು. ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ ಅನ್ನುತ್ತೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹಾಗಾಗಿ ಅಜ್ಜಿಯ ಕಬ್ಬಿಣದ ಬಾಣಲೆಯನ್ನು ಹಳೇ ಕಾಲದ್ದು ಅಂತ ತಳ್ಳಿಹಾಕುವಂತಿಲ್ಲ. ಎನಾಮೆಲ್‌ನಿಂದ ಈ ಲಾಭ ಇಲ್ಲ, ಅದು ಗಾಜು. ಅಂದಹಾಗೆ, ಸುಸ್ತು, ತಲೆಸುತ್ತು ಇದ್ದರೆ ಜಿಪಿ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಪಾತ್ರೆ ಔಷಧಿ ಅಲ್ಲ.

ಕೊಳ್ಳುವಾಗ

ಹೆಸರಾಂತ ಫ್ರೆಂಚ್ ಕಂಪನಿಗಳ ಎನಾಮೆಲ್ ಪಾತ್ರೆಗೆ ಇನ್ನೂರು ಪೌಂಡಿಗೂ ಮೇಲೆ ಬೆಲೆ. ಅದು ಬೇಡ. ಚಳಿಗಾಲ ಬರುವಾಗ ಆಲ್ಡಿ, ಲಿಡ್ಲ್‌ಗಳ ನಡುಸಾಲಿನ ಮೇಲೆ ಕಣ್ಣಿಡಿ. ಚಾರಿಟಿ ಅಂಗಡಿ, ಭಾನುವಾರದ ಕಾರ್ ಬೂಟ್ ಸೇಲ್‌ಗಳಲ್ಲೂ ಸಿಗುತ್ತವೆ. ಮೂರು ನಾಲ್ಕು ಜನಕ್ಕೆ 24 ಅಥವಾ 26 ಸೆಂಟಿಮೀಟರ್ ಅಗಲದ್ದು, 4ರಿಂದ 5 ಲೀಟರ್ ಹಿಡಿಯುವುದು ಸಾಕು. ಅದಕ್ಕಿಂತ ದೊಡ್ಡದು ತಗೊಂಡರೆ ತುಂಬಿದಾಗ ಎತ್ತೋಕೆ ಇಬ್ಬರು ಬೇಕು.

ಹಳೆಯದನ್ನು ಕೊಳ್ಳುವಾಗ ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ ಬೆರಳಿನ ಗೆಣ್ಣಿನಿಂದ ಬಡಿದು ನೋಡಿ. ಗಂಟೆಯ ಹಾಗೆ ನಾದ ಬಂದರೆ ಸರಿ. ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ, ಬಿಟ್ಟುಬಿಡಿ. ತುಕ್ಕಿಗೆ ಹೆದರಬೇಡಿ, ಬರಿ ಬೀಡಿನ ತುಕ್ಕು ಹೋಗುತ್ತೆ. ಎನಾಮೆಲ್ ಒಳಗೆ ಚಕ್ಕೆ ಎದ್ದಿದ್ದರೆ ಮಾತ್ರ ಬೇಡ, ಮತ್ತಷ್ಟು ಚೂರು ಊಟಕ್ಕೆ ಬೀಳಬಹುದು. ಹೊರಗಿನ ಅಂಚಿನಲ್ಲಿ ಸ್ವಲ್ಪ ಚಕ್ಕೆ ಹೋಗಿದ್ದರೆ ತೊಂದರೆ ಇಲ್ಲ. ಮುಚ್ಚಳದ ಹಿಡಿ ಪ್ಲಾಸ್ಟಿಕ್‌ನದೋ ಲೋಹದ್ದೋ ಅದನ್ನೂ ನೋಡಿ. ಪ್ಲಾಸ್ಟಿಕ್ ಹಿಡಿ ಜೋರು ಓವನ್‌ನ ಶಾಖ ತಡೆಯದೇ ಇರಬಹುದು. ಸ್ಕ್ರೂ ಬಿಚ್ಚಿ ಲೋಹದ ಹಿಡಿ ಹಾಕಿಕೊಳ್ಳಬಹುದು.

ಪಳಗಿಸುವುದು

ಪಳಗಿಸುವುದು ಬರಿ ಬೀಡಿಗೆ ಮಾತ್ರ. ಎಣ್ಣೆ ತೆಳುವಾಗಿ ಹಚ್ಚಿ ಜೋರಾಗಿ ಕಾಯಿಸಿದಾಗ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗುತ್ತವೆ. ತುಕ್ಕು ತಡೆಯುವುದೂ ಅದೇ, ದೋಸೆ ಅಂಟದ ಹಾಗೆ ನೋಡಿಕೊಳ್ಳುವುದೂ ಅದೇ. ಊರಿನಲ್ಲಿ ಹೊಸ ಕಾವಲಿಯನ್ನು ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿಟ್ಟು, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ತಿಕ್ಕುತ್ತಿದ್ದರಲ್ಲ, ಅದೂ ಇದೇ ಕೆಲಸ. ಇಲ್ಲಿ ಓವನ್ ಇರೋದ್ರಿಂದ ಇನ್ನೂ ಸುಲಭ.

ಒಂದು: ಬಿಸಿನೀರು, ಸೋಪು ಹಾಕಿ ತೊಳೆದು, ಒಲೆಯ ಮೇಲಿಟ್ಟು ತೇವ ಪೂರ್ತಿ ಹೋಗುವವರೆಗೆ ಒಣಗಿಸಿ.

ಎರಡು: ಒಳಗೆ, ಹೊರಗೆ, ಮುಚ್ಚಳ, ಕಿವಿ ಎಲ್ಲ ಕಡೆ ಎಣ್ಣೆ ಹಚ್ಚಿ. ಇಲ್ಲಿ ವೆಜಿಟಬಲ್ ಆಯಿಲ್ ಅಂತ ಮಾರುವ ಬಾಟಲಿಯಲ್ಲಿ ಬಹುತೇಕ ಇರುವುದು ರೇಪ್‌ಸೀಡ್ ಎಣ್ಣೆ. ಅಗ್ಗದ್ದು, ಈ ಕೆಲಸಕ್ಕೆ ಚೆನ್ನಾಗಿದೆ. ಕೊಬ್ಬರಿ ಎಣ್ಣೆ, ತುಪ್ಪ ಬೇಡ. ಅವು ಹೀಗೆ ಗಟ್ಟಿ ಪದರ ಕಟ್ಟುವುದಿಲ್ಲ.

ಮೂರು: ಒಣ ಬಟ್ಟೆಯಿಂದ ಹಚ್ಚಿದ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಏನೂ ಉಳಿದಿಲ್ಲ ಅನಿಸಬೇಕು. ಎಣ್ಣೆ ಹೆಚ್ಚಾದರೆ ಪದರ ಜಿಗುಟಾಗಿ ಕೈಗೆ ಅಂಟುತ್ತೆ. ಬಹಳ ಜನರ ಪಾತ್ರೆ ಕೆಡುವುದು ಈ ಹಂತದಲ್ಲೇ.

ನಾಲ್ಕು: ಓವನ್ನಿನಲ್ಲಿ ಬೋರಲಾಗಿಟ್ಟು 230 ಡಿಗ್ರಿಯಲ್ಲಿ, ಗ್ಯಾಸ್ ಓವನ್ ಆದರೆ ಗ್ಯಾಸ್ ಮಾರ್ಕ್ 8ರಲ್ಲಿ, ಒಂದು ಗಂಟೆ ಕಾಯಿಸಿ. ಓವನ್ ಆರಿಸಿ ಅಲ್ಲೇ ತಣಿಯಲು ಬಿಡಿ. ಇದನ್ನು ಮೂರು ಸಲ ಮಾಡಿದರೆ ಪಾತ್ರೆ ಮಿರುಗುವ ಕಪ್ಪಾಗುತ್ತೆ.

ಹೊಗೆ ಬರುತ್ತೆ, ಅದನ್ನು ಮರೆಯಬೇಡಿ. ವಿಶ್ವವಿದ್ಯಾಲಯದ ಹಾಲ್‌ಗಳಲ್ಲಿ ಇದನ್ನು ಮಾಡಲೇಬೇಡಿ. ಅಲಾರ್ಮ್ ಕೂಗಿ, ಇಡೀ ಕಟ್ಟಡದವರು ಚಳಿಯಲ್ಲಿ ಹೊರಗೆ ನಿಂತು ನಿಮ್ಮನ್ನೇ ನೋಡ್ತಾರೆ. ಹೊಗೆ ಅಲಾರ್ಮಿಗೆ ಪ್ಲಾಸ್ಟಿಕ್ ಚೀಲ ಕಟ್ಟುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಲೇಬೇಡಿ. ಅದಕ್ಕೆ ಶಿಸ್ತುಕ್ರಮ ಇರುತ್ತೆ, ಅದಕ್ಕಿಂತ ಹೆಚ್ಚಾಗಿ ಅದು ಪ್ರಾಣದ ಪ್ರಶ್ನೆ. ಬಾಡಿಗೆ ಮನೆಯಲ್ಲಿರುವ ಗೆಳೆಯರ ಹತ್ತಿರ ಹೋಗಿ, ಕಿಟಕಿ ತೆಗೆದಿಟ್ಟು ಮಾಡಿ.

ಒಲೆಯ ಮೇಲೆ, ಓವನ್ನಿನ ಒಳಗೆ

ಬೀಡು ಗ್ಯಾಸ್, ಕರೆಂಟ್, ಇಂಡಕ್ಷನ್ ಎಲ್ಲದರ ಮೇಲೂ ನಡೆಯುತ್ತೆ. ಅಪಾಯ ಇರುವುದು ಗಾಜಿನ ಒಲೆಗೆ. 6 ಕೆಜಿ ಪಾತ್ರೆ, 4 ಕೆಜಿ ಸಾಂಬಾರು ಸೇರಿ 10 ಕೆಜಿ. ಅದನ್ನು ಗಾಜಿನ ಮೇಲೆ ಎಳೆದರೆ ಗೀರು ಬೀಳುತ್ತೆ, ಕುಕ್ಕಿದರೆ ಗಾಜು ಒಡೆಯುತ್ತೆ, ವರ್ಷದ ಕೊನೆಗೆ ಡೆಪಾಸಿಟ್ ಹೋಗುತ್ತೆ. ಎರಡೂ ಕೈಯಲ್ಲಿ ಎತ್ತಿ ನಿಧಾನಕ್ಕೆ ಇಳಿಸಿ. ಕಿವಿಗಳು ಕೂಡ ಕಾದಿರುತ್ತವೆ, ಒಣ ಬಟ್ಟೆ ಹಿಡಿಯಿರಿ. ಒದ್ದೆ ಬಟ್ಟೆಯಾದರೆ ಹಬೆ ಎದ್ದು ಕೈ ಸುಡುತ್ತೆ.

ಬಿಸಿಬೇಳೆಬಾತ್ ಈ ಪಾತ್ರೆಗೆಂದೇ ಹುಟ್ಟಿದ ಹಾಗಿದೆ. ತೊಗರಿಬೇಳೆಯನ್ನು ಒಂದು ಗಂಟೆ ನೆನೆಸಿ, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಕುಕ್ಕರ್ ಇಲ್ಲದೆಯೂ ಹಣ್ಣಾಗುತ್ತೆ. ನೀರಿನ ಸಹಾಯವೂ ಇದೆ. ಬರ್ಮಿಂಗ್‌ಹ್ಯಾಮಿಗೆ ವೇಲ್ಸ್‌ನ ಇಲಾನ್ ಕಣಿವೆಯಿಂದ, ಮ್ಯಾಂಚೆಸ್ಟರಿಗೆ ಲೇಕ್ ಡಿಸ್ಟ್ರಿಕ್ಟ್‌ನಿಂದ ಬರುವುದು ಮೆದು ನೀರು, ಬೇಳೆ ಬೇಗ ಬೇಯುತ್ತೆ. ಲಂಡನ್ನಿನ ಗಡಸು ನೀರಿನಲ್ಲಿ ಒದ್ದಾಡುವ ಗೆಳೆಯರಿಗೆ ಇದನ್ನು ಹೇಳಿ ಹೊಟ್ಟೆ ಉರಿಸಬಹುದು. ಬೇಳೆ ಬೆಂದ ಮೇಲೆ ಅಕ್ಕಿ, ತರಕಾರಿ ಹಾಕಿ, ಹುಳಿ ಮಾತ್ರ ಕೊನೆಗೆ. ಮೊದಲೇ ಹಾಕಿದರೆ ಅಕ್ಕಿ, ಬೇಳೆ ಎರಡೂ ಗಟ್ಟಿಯಾಗಿಯೇ ಉಳಿಯುತ್ತವೆ. ಅಡುಗೆ ಮುಗಿಯುವ ಹತ್ತು ನಿಮಿಷ ಮೊದಲೇ ಒಲೆ ಆರಿಸಿ. ಉಳಿದ ಕೆಲಸ ಪಾತ್ರೆಯದು.

ಬಿರಿಯಾನಿಗೆ ಅಕ್ಕಿಯನ್ನು ಮುಕ್ಕಾಲು ಬೇಯಿಸಿ ಪದರ ಪದರವಾಗಿ ಹಾಕಿ, ಮುಚ್ಚಳದ ಸುತ್ತ ಚಪಾತಿ ಹಿಟ್ಟು ಮೆತ್ತಿ, ಓವನ್ನಿನಲ್ಲಿ 160 ಡಿಗ್ರಿಗೆ 35 ನಿಮಿಷ ಇಡಿ. ಒಲೆಯ ಮೇಲೆ ತಳ ಸೀಯುವ ಭಯ ಇಲ್ಲಿಲ್ಲ. ಶಾಖ ಸುತ್ತಲಿಂದಲೂ ಬರುತ್ತೆ.

ಬ್ರೆಡ್ಡಿಗೆ ಡಚ್ ಓವನ್ ಹೆಸರು ಮಾಡಿದ್ದು ನ್ಯೂಯಾರ್ಕಿನ ಜಿಮ್ ಲೇಹೀ ಅವರ ನಾದದ ಬ್ರೆಡ್ಡಿನಿಂದ. 2006ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ಮೇಲೆ ಅದು ಮನೆಮನೆಗೆ ಹರಡಿತು. 400 ಗ್ರಾಂ ಬ್ರೆಡ್ ಹಿಟ್ಟು, 300 ಎಂಎಲ್ ನೀರು, ಒಂದೂಕಾಲು ಟೀ ಚಮಚ ಉಪ್ಪು, ಕಾಲು ಟೀ ಚಮಚ ಯೀಸ್ಟ್ ಕಲಸಿ ರಾತ್ರಿಯೆಲ್ಲ ಬಿಡಿ, ನಮ್ಮ ದೋಸೆ ಹಿಟ್ಟಿನ ಹಾಗೆ ತಾನೇ ಉಬ್ಬುತ್ತೆ. ಬೆಳಿಗ್ಗೆ ಹಿಟ್ಟನ್ನು ಮಡಿಚಿ ಉಂಡೆ ಮಾಡಿ, ಮತ್ತೆ ಎರಡು ಗಂಟೆ ಉಬ್ಬಲು ಬಿಡಿ. ಓವನ್ನಿನಲ್ಲಿ 230 ಡಿಗ್ರಿಗೆ ಮೊದಲೇ ಕಾದ ಪಾತ್ರೆಗೆ ಹಾಕಿ, ಮುಚ್ಚಳ ಹಾಕಿ 30 ನಿಮಿಷ, ತೆಗೆದು 15 ನಿಮಿಷ. ಹಿಟ್ಟಿನದೇ ಹಬೆ ಒಳಗೆ ನಿಂತು ಮೇಲಿನ ಪದರ ಬೇಗ ಒಣಗದ ಹಾಗೆ ನೋಡಿಕೊಳ್ಳುತ್ತೆ, ಅದರಿಂದ ಬ್ರೆಡ್ ಚೆನ್ನಾಗಿ ಉಬ್ಬುತ್ತೆ. ಎನಾಮೆಲ್ ಪಾತ್ರೆಯನ್ನು ಹೀಗೆ ಖಾಲಿಯಾಗಿ ಕಾಯಿಸಬಹುದೋ ಇಲ್ಲವೋ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಜೊತೆಗೆ ಬರುವ ಚೀಟಿ ಓದಿ.

ಮೂರು ಎಚ್ಚರಿಕೆ. ಕೆಂಪು ರಾಜ್ಮಾವನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದ ಮೇಲೆಯೇ ಸಣ್ಣ ಉರಿಗೆ ಇಳಿಸಿ. ಕುದಿಸದೆ ಮೆಲ್ಲನೆ ಬೇಯಿಸಿದರೆ ಅದರೊಳಗಿನ ವಿಷಾಂಶ ಉಳಿದು ವಾಂತಿ ಆಗುತ್ತೆ. ಎರಡನೆಯದು, ಉಳಿದ ಅನ್ನ, ಬಿರಿಯಾನಿ. ಪಾತ್ರೆ ಶಾಖ ಹಿಡಿದಿಡುವ ಗುಣವೇ ಇಲ್ಲಿ ಶತ್ರು. ಮುಚ್ಚಿಟ್ಟರೆ ರಾತ್ರಿಯೆಲ್ಲ ಉಗುರುಬೆಚ್ಚಗೆ ಇದ್ದು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಊಟ ಆದ ಕೂಡಲೇ ಅಗಲವಾದ ಡಬ್ಬಿಗೆ ಹಾಕಿ, ತಣಿಸಿ, ಒಂದು ಗಂಟೆಯೊಳಗೆ ಫ್ರಿಜ್ ಸೇರಿಸಿ. ಮೂರನೆಯದು ಕರಿಯುವ ಎಣ್ಣೆ. ಹಲವು ಹಾಲ್‌ಗಳಲ್ಲಿ ಕರಿಯುವುದಕ್ಕೇ ನಿಷೇಧ ಇದೆ, ನಿಮ್ಮ ನಿಯಮ ನೋಡಿಕೊಳ್ಳಿ. ಕರಿಯುವುದಾದರೆ ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಣ್ಣೆ ಹಾಕಬೇಡಿ. ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ, ಪಾತ್ರೆ ಎತ್ತಲೂ ಬೇಡಿ. ಹತ್ತಿರ ಹೋಗುವ ಹಾಗಿದ್ದರೆ ಒಲೆ ಆರಿಸಿ ಮುಚ್ಚಳ ಮುಚ್ಚಿ. ಆಗದಿದ್ದರೆ ಬಾಗಿಲು ಹಾಕಿಕೊಂಡು ಹೊರಬಂದು 999ಕ್ಕೆ ಫೋನ್ ಮಾಡಿ.

ತೊಳೆಯುವುದು, ಒರೆಸುವುದು

ಬರಿ ಬೀಡಿಗೆ ಸೋಪು ತಾಗಿಸಬಾರದು ಅನ್ನುವುದು ಕ್ಷಾರದ ಸೋಪು ಬಳಸುತ್ತಿದ್ದ ಕಾಲದ ಮಾತು. ಈಗಿನ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿದರೆ ಏನೂ ಆಗಲ್ಲ. ಆಗಬಾರದ್ದು ನೀರಿನಲ್ಲಿ ನೆನೆಹಾಕುವುದು. ಸಿಂಕಿನಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪು ತುಕ್ಕು ಎದ್ದಿರುತ್ತೆ. ಅಂಟಿದ್ದರೆ ಕಲ್ಲುಪ್ಪು ಹಾಕಿ ಉಜ್ಜಿ, ತೊಳೆದು, ಒಲೆಯ ಮೇಲೆ ಎರಡು ನಿಮಿಷ ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಒರೆಸಿಡಿ. ಮುಚ್ಚಳಕ್ಕೂ ಪಾತ್ರೆಗೂ ನಡುವೆ ಒಂದು ಟಿಶ್ಯೂ ಮಡಿಚಿಡಿ, ಗಾಳಿಯಾಡುತ್ತೆ. ಇಲ್ಲಿನ ಚಳಿಗಾಲದಲ್ಲಿ ಕಿಟಕಿಯ ಗಾಜಿನ ಮೇಲೆ ನೀರಿಳಿಯುವ ಮನೆಗಳಲ್ಲಿ ಇದು ತುಂಬಾ ಮುಖ್ಯ. ಅಡುಗೆಯನ್ನು ಅದರಲ್ಲೇ ಬಿಡಬೇಡಿ.

ಎನಾಮೆಲ್‌ಗೆ ಇದರ ತದ್ವಿರುದ್ಧ. ನೆನೆಹಾಕಬಹುದು, ಅಡುಗೆಯನ್ನು ಇಡಬಹುದು. ಸ್ಟೀಲ್ ಉಜ್ಜುಗ, ಲೋಹದ ಸೌಟು ಮಾತ್ರ ಬೇಡ, ಮರದ ಸೌಟು ಇಟ್ಟುಕೊಳ್ಳಿ. ಸೌಟನ್ನು ಅಂಚಿಗೆ ಟಣ್ ಟಣ್ ಅಂತ ಬಡಿಯುವ ನಮ್ಮ ಅಭ್ಯಾಸ ಬಿಡಬೇಕು, ಚಕ್ಕೆ ಏಳುವುದು ಅಲ್ಲಿಂದಲೇ. ಅರಿಶಿನದ ಕಲೆಗೆ, ತಳ ಹಿಡಿದದ್ದಕ್ಕೆ ನೀರು, ಎರಡು ಚಮಚ ಬೇಕಿಂಗ್ ಸೋಡಾ ಹಾಕಿ ಹತ್ತು ನಿಮಿಷ ಸಣ್ಣಗೆ ಕುದಿಸಿ, ಮರದ ಸೌಟಿನಿಂದ ಕೆರೆಯಿರಿ. ಸ್ವಲ್ಪ ಹಳದಿ ಉಳಿದೇ ಉಳಿಯುತ್ತೆ, ಇರಲಿ ಬಿಡಿ. ಡಿಶ್‌ವಾಶರ್ ಎರಡಕ್ಕೂ ಬೇಡ. ಬರಿ ಬೀಡು ಅಲ್ಲಿ ಹಾಳಾಗುತ್ತೆ, ಎನಾಮೆಲ್ ಹೊಳಪು ಕಳೆದುಕೊಳ್ಳುತ್ತೆ.

ತುಕ್ಕು ಹಿಡಿದ ಬರಿ ಬೀಡನ್ನು ಎಸೆಯಬೇಡಿ. ಸ್ಟೀಲ್ ಉಜ್ಜುಗದಿಂದ ಬೂದು ಬಣ್ಣ ಕಾಣುವವರೆಗೆ ತಿಕ್ಕಿ. ಮೊಂಡು ತುಕ್ಕಾದರೆ ಸಮಪಾಲು ವಿನೆಗರ್, ನೀರಿನಲ್ಲಿ ಅರ್ಧ ಗಂಟೆ ಇಡಿ, ಅದಕ್ಕಿಂತ ಹೆಚ್ಚು ಬೇಡ. ತೊಳೆದು ಒಣಗಿಸಿ ಮತ್ತೆ ಮೊದಲಿಂದ ಪಳಗಿಸಿ.

ಹಂಚಿಕೊಂಡ ಅಡುಗೆಮನೆ

ನಮ್ಮ ಬಾಡಿಗೆ ಮನೆಗಳಲ್ಲಿ ಮೊಟ್ಟೆಯನ್ನೂ ಮುಟ್ಟದವರು, ಮೀನಿಲ್ಲದೆ ಊಟ ಸೇರದವರು ಒಂದೇ ಒಲೆ ಹಂಚಿಕೊಳ್ಳುತ್ತಾರೆ. ಬರಿ ಬೀಡಿನ ಪದರ ಹಿಂದಿನ ಅಡುಗೆಯ ಕೊಬ್ಬನ್ನು, ವಾಸನೆಯನ್ನು ಸ್ವಲ್ಪ ಉಳಿಸಿಕೊಳ್ಳುತ್ತೆ. ಈ ದೇಶದಲ್ಲಿ ಕೊಂಡ ಹಳೆಯ ಪಾತ್ರೆಯನ್ನು ಹಂದಿ ಕೊಬ್ಬಿನಿಂದ ಪಳಗಿಸಿರುವ ಸಾಧ್ಯತೆಯೂ ಇದೆ. ಸಸ್ಯಾಹಾರಿ ಗೆಳೆಯರಿಗೆ ಅದನ್ನು ಮೊದಲೇ ಹೇಳಿ. ಹಳೆಯ ಪದರವನ್ನು ಪೂರ್ತಿ ಉಜ್ಜಿ ತೆಗೆದು ಸಸ್ಯದ ಎಣ್ಣೆಯಿಂದ ಮತ್ತೆ ಪಳಗಿಸಬಹುದು. ಎನಾಮೆಲ್ ಗಾಜಿನ ಹಾಗೆ, ಏನನ್ನೂ ಹೀರಿಕೊಳ್ಳುವುದಿಲ್ಲ. ಆದರೂ ಮನಸ್ಸಿಗೆ ಒಗ್ಗದಿದ್ದರೆ ವಾದ ಮಾಡಬೇಡಿ, ಎರಡು ಪಾತ್ರೆ ಇಟ್ಟುಕೊಳ್ಳಿ. ಯಾವುದು ಯಾರದ್ದು ಅಂತ ಕಿವಿಗೆ ಒಂದು ದಾರ ಕಟ್ಟಿದರೆ ಮುಗೀತು. ಪಾತ್ರೆಯ ಜಗಳ ಪರೀಕ್ಷೆ ತಿಂಗಳಲ್ಲಿ ಯಾರಿಗೂ ಬೇಡ.

ಬಿಟ್ಟುಹೋಗುವಾಗ

ಒಂದು ವರ್ಷದ ಮಾಸ್ಟರ್ಸ್‌ಗೆ ಬಂದವರು ಜೀವಮಾನಪೂರ್ತಿ ಬರುವ ಪಾತ್ರೆ ಯಾಕೆ ಕೊಳ್ಳಬೇಕು ಅಂತ ಕೇಳಬಹುದು. ನಮ್ಮ ಉತ್ತರ ಇಷ್ಟೇ: ಪಾತ್ರೆಯ ಜೀವಮಾನ ಒಬ್ಬರದೇ ಆಗಬೇಕಾಗಿಲ್ಲ. ಕೋರ್ಸ್ ಮುಗಿದ ವಾರ ವಿದ್ಯಾರ್ಥಿಗಳ ಬೀದಿಗಳಲ್ಲಿ ಕಸದ ತೊಟ್ಟಿಯ ಪಕ್ಕ ಎಂಥೆಂಥಾ ಸಾಮಾನು ಬಿದ್ದಿರುತ್ತೆ ಅಂತ ನೋಡಿದವರಿಗೆ ಗೊತ್ತು. ನಾನ್‌ಸ್ಟಿಕ್ ಅಲ್ಲಿಗೆ ಹೋಗಲಿ, ಬೀಡು ಹೋಗಬಾರದು. ಊರಿಗೆ ಹೊತ್ತೊಯ್ಯಲು ಆಗದಿದ್ದರೆ ಜೂನಿಯರ್‌ಗಳಿಗೆ ಕೊಡಿ, ಯಾರೂ ಸಿಗದಿದ್ದರೆ ಚಾರಿಟಿ ಅಂಗಡಿಗೆ ಕೊಡಿ.

ಕೊಡುವ ಮುನ್ನ ಮೂರು ಕೆಲಸ ಮಾಡಿ. ಚೆನ್ನಾಗಿ ತೊಳೆದು ಒಣಗಿಸಿ. ಬರಿ ಬೀಡಾದರೆ ತೆಳುವಾಗಿ ಎಣ್ಣೆ ಸವರಿ. ಆಮೇಲೆ ಒಂದು ಚೀಟಿಯಲ್ಲಿ ಇಷ್ಟು ಬರೆದು ಒಳಗಿಡಿ: ಬರಿ ಬೀಡೋ ಎನಾಮೆಲ್ಲೋ, ಹುಳಿ ಕುದಿಸಬಹುದೋ ಬೇಡವೋ, ಮಾಂಸ ಬೇಯಿಸಿದ್ದೋ ಇಲ್ಲವೋ, ಮುಚ್ಚಳದ ಹಿಡಿ ಓವನ್ನಿಗೆ ಹೋಗುತ್ತೋ ಇಲ್ಲವೋ. ಮುಂದಿನ ಸೆಪ್ಟೆಂಬರಿನಲ್ಲಿ ಬರುವವರಿಗೆ ಪಾತ್ರೆಯಷ್ಟೇ ಆ ಚೀಟಿಯೂ ಬೇಕಾಗುತ್ತೆ.